ಜೋಡಿಕಾಯಿ

ಫೆಬ್ರವರಿ ೩, ೨೦೨೫, ಸೋಮವಾರ
ಮಸಿನಗುಡಿ

ಮತ್ತೆ ಫೇಲು. ಕ್ರಿಮಿನಲ್ ಕಾನೂನಿನ ಪೇಪರ್ ಎರಡನೇ ಸಲ ನನ್ನನ್ನು ಒದ್ದು ಕೆಡವಿದೆ. ಪುಟಗಟ್ಟಲೆ ಬರೆಯುವ ಪೇಪರುಗಳೆಲ್ಲ ಪಾಸಾಗಿವೆ. ನಾಲ್ಕು ಉತ್ತರ ಕೊಟ್ಟು, ಸರಿಯಾದ ಒಂದರ ಮುಂದೆ ಗುಂಡು ತುಂಬು ಎನ್ನುವ ಈ ದರಿದ್ರ ಪೇಪರಿನಲ್ಲಿ ಮಾತ್ರ ಮುಗ್ಗರಿಸುತ್ತೇನೆ. ಫೋನಿನಲ್ಲಿ ಫಲಿತಾಂಶ ನೋಡಿದವಳೇ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಬೀಸಿದೆ. ಸ್ಟೀಲಿನದು, ಸೊಟ್ಟಗಾಯಿತು.

"ಲೋಟ ಏನ್ ಮಾಡಿತ್ತವ್ವ ನಿಂಗೆ?" ಎಂದಳು ಅಮ್ಮ.

ಅಪ್ಪ ಆಗ ತಾನೇ ದೊಡ್ಡಿಯಿಂದ ಬಂದಿದ್ದ. ನಮ್ಮದು ಹಾಲಿನ ದೊಡ್ಡಿಯಲ್ಲ, ಸಗಣಿಯ ದೊಡ್ಡಿ. ಹಗಲೆಲ್ಲ ದನ ಕಾಡಂಚಿನಲ್ಲಿ ಮೇದು ಬರುತ್ತವೆ, ಸಗಣಿ ಲಾರಿಯಲ್ಲಿ ಕೇರಳದ ಕಾಫಿ ತೋಟಕ್ಕೆ ಹೋಗುತ್ತದೆ. ತಾತ ಗುಂಡ್ಲುಪೇಟೆ ಕಡೆಯಿಂದ ಈ ತಮಿಳುನಾಡಿಗೆ ದನ ಹೊಡೆದುಕೊಂಡು ಬಂದ ಕಾಲದಿಂದ ಇದೇ ಕಸುಬು. ಅಪ್ಪ ಕಾಲು ತೊಳೆಯುತ್ತಾ, "ಓಗ್ಲಿ ಬುಡು ರೂಪಿ. ನಾನಿರೋಗಂಟ ಈ ಬೀದಿಗೆ ವಕೀಲ್ರು ಯಾಕೆ?" ಎಂದ.

ಇದನ್ನು ಸಮಾಧಾನಕ್ಕೆ ಎಂದು ಹೇಳಿದನೋ ಹೆಮ್ಮೆಯಿಂದ ಹೇಳಿದನೋ ಗೊತ್ತಾಗಲಿಲ್ಲ. ಅಪ್ಪ ನಮ್ಮ ಕನ್ನಡದವರ ಬೀದಿಗೆ ಯಜಮಾನ. ಅವನು ಯಜಮಾನನಾದ ಮೇಲೆ ಬೀದಿಯವರು ಯಾರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ.

ಫೆಬ್ರವರಿ ೬, ಗುರುವಾರ

ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಹೋಗಿದ್ದೆ. ವಸಂತಾಮಣಿ ಮೇಡಂ ಕೋರ್ಟಿನ ಪಕ್ಕದ ಮಹಡಿಯಲ್ಲಿ ಆಫೀಸು ಇಟ್ಟಿದ್ದಾರೆ. ವಾರಕ್ಕೆರಡು ದಿನ ನಾನು ಅಲ್ಲಿ ಫೈಲು ಹೊರುತ್ತೇನೆ, ಅವರು ನನಗೆ ಪಾಠ ಹೇಳುತ್ತಾರೆ. ಅವರು ಬಡಗ ಮಾತಿನಲ್ಲಿ ಬೈಯುತ್ತಾರೆ, ನಾನು ಕನ್ನಡದಲ್ಲಿ ಬೈಸಿಕೊಳ್ಳುತ್ತೇನೆ. ಇಬ್ಬರಿಗೂ ಪೂರ್ತಿ ತಿಳಿಯುತ್ತದೆ.

ಹಳೆಯ ಪ್ರಶ್ನೆಗಳ ಒಂದು ಕಟ್ಟನ್ನು ಅವರೆದುರೇ ಮಾಡಿಸಿದರು. ಮಾಡಿದ್ದನ್ನು ನೋಡಿ ಕನ್ನಡಕ ತೆಗೆದರು.

"ಏ ಕೂಸೇ, ಇದೇನು, ಕಂಡಲ್ಲೆಲ್ಲ ಡಿ? ಎ ಮತ್ತು ಬಿ ಎರಡೂ, ಇಬ್ಬರೂ ಹೊಣೆ, ಮೇಲಿನ ಎಲ್ಲವೂ... ಯಾರನ್ನೂ ಬಿಡೋದಿಲ್ಲವಾ ನೀನು?"

ಒಂದು ಪ್ರಶ್ನೆಯನ್ನು ಬೆರಳಿಟ್ಟು ಓದಿಸಿದರು. ಗಂಗ ಸೋಮನಿಗೆ ಕೆಟ್ಟದಾಗಿ ಬೈದ. ಸೋಮ ಗಂಗನ ಕೈ ಮುರಿದ. ಕೈ ಮುರಿದ ಅಪರಾಧ ಯಾರದು? ನಾನು ಇಬ್ಬರದೂ ಎಂದು ಗುರುತು ಹಾಕಿದ್ದೆ.

"ಬೈದಿದ್ದೂ ತಪ್ಪಲ್ಲವೇ ಮೇಡಂ?"

"ಕೇಳಿದ್ದು ಬೈದಿದ್ದನ್ನಾ, ಮುರಿದಿದ್ದನ್ನಾ?" ಸ್ಕೇಲಿನಿಂದ ಮೇಜಿಗೆ ಹೊಡೆದರು, ಕಾಫಿ ಚೆಲ್ಲಿತು. "ಕತೆಗಿಂತ ಮೊದಲು ಕೊನೆ ಸಾಲು ಓದು. ಏನು ಕೇಳಿದ್ದಾರೆ ಅಂತ ತಿಳಿದುಕೊಂಡು ಆಮೇಲೆ ಕತೆಗೆ ಹೋಗು. ಈ ಇಬ್ಬರದೂ ಅನ್ನೋ ಚಾಳಿ ಎಲ್ಲಿಂದ ಬಂತು ನಿನಗೆ?"

ಎಲ್ಲಿಂದ ಎಂದು ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಯಾರು ಯಾರಿಗೆ ಹೊಡೆದರೂ ಶುಕ್ರವಾರ ಸಂಜೆ ಅಮ್ಮನವರ ಗುಡಿಯ ಮುಂದೆ ಇಬ್ಬರೂ ಒಂದೊಂದು ತೆಂಗಿನಕಾಯಿ ತರಬೇಕು. ಅಪ್ಪ ಎರಡನ್ನೂ ಒಂದೇ ಕಲ್ಲಿನ ಮೇಲೆ ಒಡೆದು, ಇವನ ಹೋಳು ಅವನಿಗೆ, ಅವನ ಹೋಳು ಇವನಿಗೆ ಕೊಡುತ್ತಾನೆ. ಇದಕ್ಕೆ ಜೋಡಿಕಾಯಿ ಎನ್ನುತ್ತಾರೆ. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. "ಒಂದೇ ಕೈಲಿ ಚಪ್ಪಾಳೆ ಆದದಾ?" ಎಂಬುದು ಅಪ್ಪನ ತೀರ್ಪು, ಯಾವಾಗಲೂ. ಕೊಡಲಿಯೇಟು ತಿಂದವನೂ ಕಾಯಿ ತರಬೇಕು, ಹಾಕಿದವನೂ ತರಬೇಕು.

ಹುಟ್ಟಿದಾಗಿನಿಂದ ಇದನ್ನೇ ನೋಡಿದವಳಿಗೆ ಡಿ ಬಿಟ್ಟು ಬೇರೆ ಕಣ್ಣಿಗೆ ಬೀಳುವುದಾದರೂ ಹೇಗೆ? ಪೇಪರಿನಲ್ಲಿ ಈ ತಪ್ಪು ಇನ್ನು ಮಾಡುವುದಿಲ್ಲ. ಸಿಕ್ಕಿತು ರೋಗ.

ಫೆಬ್ರವರಿ ೧೧, ಮಂಗಳವಾರ

ಪ್ರೇಮಕ್ಕ ಬಂದಿದ್ದಾಳೆ, ಗೂಡಲೂರಿನಿಂದ. ಎಡಗಣ್ಣು ಊದಿ ಮುಚ್ಚಿದೆ, ಕತ್ತಿನಲ್ಲಿ ಬೆರಳಿನ ಗುರುತು. ಮತ್ತೆ ಭಾವ. ಈ ನಾಗರಾಜು ಹಗಲು ಬಾಡಿಗೆ ಜೀಪು ಓಡಿಸುತ್ತಾನೆ, ಸಂಜೆ ಕುಡಿಯುತ್ತಾನೆ, ಆಮೇಲೆ ಅಕ್ಕನ ಮೇಲೆ ಕೈ ಮಾಡುತ್ತಾನೆ. ಅವನ ಕೈ ಕತ್ತರಿಸಿ ಅವನದೇ ಜೀಪಿನ ಮುಂದೆ ಕಟ್ಟಬೇಕು ಎನಿಸಿತು. ಸೌದೆ ಸೀಳಲು ಕೂತು, ಒಂದೊಂದು ತುಂಡನ್ನೂ ಅವನ ಮೂಳೆ ಎಂದುಕೊಂಡೇ ಸೀಳಿದೆ. ಅಮ್ಮ ಸಾಕು ಸಾಕು ಎಂದರೂ ನಿಲ್ಲಿಸಲಿಲ್ಲ.

ಆದರೆ ಅಕ್ಕನದೂ ಇದೆ. ಸುಮ್ಮನಿರುವ ಜಾಯಮಾನವೇ ಅಲ್ಲ ಅವಳದು. ಅವನು ಒಂದು ಅಂದರೆ ಅವಳು ಹತ್ತು ಅನ್ನುತ್ತಾಳೆ. ಬಂದ ಅರ್ಧ ಗಂಟೆಯಲ್ಲಿ ಭಾವನಿಗೆ, ಭಾವನ ಅಣ್ಣನಿಗೆ, ಅಪ್ಪನಿಗೆ, ಗಂಜಿಗೆ ಉಪ್ಪು ಕಡಿಮೆ ಹಾಕಿದ ನನಗೆ, ಎಲ್ಲರಿಗೂ ಮಂಗಳಾರತಿಯಾಯಿತು. ಬೀದಿಗೆಲ್ಲ ಕೇಳುತ್ತದೆ ಎಂದು ನಾನೇ ಎದ್ದು ಬಾಗಿಲು ಹಾಕಿದೆ. ಸ್ವಲ್ಪ ಬಾಯಿ ಬಿಗಿ ಹಿಡಿದರೆ ಅರ್ಧ ಏಟು ತಪ್ಪುತ್ತದೆ ಎಂದು ಯಾರು ಹೇಳಬೇಕು ಅವಳಿಗೆ?

ಕ್ಲಿನಿಕ್ಕಿನಲ್ಲಿ ಅಪ್ಪ, "ಹಸ ಗುದ್ತು ಡಾಕ್ಟ್ರೆ" ಎಂದ. ಹೋದ ವರ್ಷ ಅವಳ ಪಕ್ಕೆಲುಬು ಬಿರುಕು ಬಿಟ್ಟಾಗಲೂ ಹಸುವೇ ಗುದ್ದಿತ್ತು. ನಮ್ಮ ದೊಡ್ಡಿಯ ಹಸುಗಳಷ್ಟು ಕೇಡಿಗಳು ಈ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಜೋಡಿಕಾಯಿ ಆಯಿತು. ಅಪ್ಪ ಮಗಳು ಎಂದು ನೋಡಲಿಲ್ಲ, ಅಳಿಯ ಎಂದೂ ನೋಡಲಿಲ್ಲ. ಇಬ್ಬರಿಗೂ ಸಮ ಬೈದ. ಭಾವ ತಲೆ ಬಗ್ಗಿಸಿ ನಿಂತಿದ್ದ. ಅಕ್ಕ ತನಗೆ ಕೊಟ್ಟ ಹೋಳನ್ನು ಹಿಡಿದುಕೊಂಡು ಜೀಪು ಹತ್ತಿದಳು. ಒಂದು ಮಾತೂ ಆಡಲಿಲ್ಲ. ಬುದ್ಧಿ ಬಂದಿರಬೇಕು.

ಫೆಬ್ರವರಿ ೧೮, ಮಂಗಳವಾರ

ಮೇಡಂ ಇವತ್ತು ಇನ್ನೊಂದು ರೋಗ ಹಿಡಿದರು. ಪ್ರಶ್ನೆಯಲ್ಲಿ ಇಲ್ಲದ್ದನ್ನು ನಾನು ಸೇರಿಸುತ್ತೇನಂತೆ. ಒಬ್ಬ ದೊಣ್ಣೆ ಹಿಡಿದು ಬಂದ ಎಂದರೆ, ಅವನಿಗೆ ಏನೋ ಕಾರಣವಿರಬೇಕು, ಹಳೇ ದ್ವೇಷ ಇರಬೇಕು ಎಂದು ನಾನೇ ಕತೆ ಕಟ್ಟಿ, ಆ ಕತೆಗೆ ಉತ್ತರ ಕೊಡುತ್ತೇನೆ. "ಅವರು ಕೊಟ್ಟಷ್ಟೇ ನಿಜ. ಕೊಟ್ಟದ್ದನ್ನು ಬಿಡಬೇಡ, ಕೊಡದ್ದನ್ನು ತರಬೇಡ" ಎಂದರು. "ಯಾವಾಗಲೂ, ಎಂದಿಗೂ ಎನ್ನುವ ಪದ ಕಂಡರೆ ಎರಡು ಸಲ ನೋಡು. ಸರಿಯಾಗಿ ಹಾಕಿದ ಉತ್ತರವನ್ನು ಹೆದರಿಕೆಗೆ ಬದಲಾಯಿಸಬೇಡ."

ಆತ್ಮರಕ್ಷಣೆಯ ಪ್ರಶ್ನೆಗಳನ್ನು ಮಾಡಿದೆವು. ನಿನ್ನ ಮೇಲೋ ಇನ್ನೊಬ್ಬರ ಮೇಲೋ ಏಟು ಬೀಳುತ್ತಿರುವಾಗ ತಡೆಯಲು ಹೊಡೆದರೆ ಅದು ರಕ್ಷಣೆ. ಅಪಾಯ ಮುಗಿದ ಮೇಲೆ ಹೊಡೆದರೆ ಅದು ನಿನ್ನ ಅಪರಾಧ. ಇದರಲ್ಲಿ ಎಲ್ಲ ಸರಿ ಬಂತು. ಸುಲಭ.

ಫೆಬ್ರವರಿ ೨೩, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕ ಒಬ್ಬಳೇ ಬಂದಳು, ಬರಿಗಾಲಲ್ಲಿ. ನಾನು, ಅಪ್ಪ ದೊಡ್ಡಿಯಲ್ಲಿ ಸಗಣಿ ಎತ್ತುತ್ತಿದ್ದೆವು. ಇನ್ನು ಹೋಗುವುದಿಲ್ಲ ಎಂದಳು. ಅಷ್ಟರಲ್ಲಿ ಜೀಪು ಬಂತು. ಭಾವ ಇಳಿದು, "ಜೀಪ್ ಅತ್ತು" ಎಂದ. ಅಕ್ಕ, "ನಿನ್ ಜೀಪ್ಗೆ ಇನ್ನ ನನ್ ಹೆಣನೂ ಅತ್ತಲ್ಲ" ಎಂದಳು. ಅಷ್ಟೇ. ಅದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.

ಅವನು ಜೀಪಿನ ಸೀಟಿನ ಕೆಳಗಿನಿಂದ ಜಾಕಿಯ ಕಬ್ಬಿಣದ ರಾಡು ತೆಗೆದ. ಹೆದರಿಸಲಿಕ್ಕೆ ಎಂದುಕೊಂಡೆ. ಬೀಸಿಯೇ ಬಿಟ್ಟ. ಅಕ್ಕನ ದವಡೆಗೆ ಬಿತ್ತು. ಒಣಗಿದ ಬಿದಿರಿನ ಗಳ ಮುರಿದ ಸದ್ದು. ಅವಳು ಸಗಣಿಯ ಮೇಲೆ ಕುಸಿದಳು, ಬಾಯಿಂದ ರಕ್ತ, ರಕ್ತದಲ್ಲಿ ಹಲ್ಲು. ದನಗಳೆಲ್ಲ ಬೆದರಿ ಬೇಲಿಗೆ ಒತ್ತಿಕೊಂಡವು. ಅಪ್ಪ, "ಬ್ಯಾಡ ನಾಗ್ರಾಜ, ಬ್ಯಾಡ ಕನಪ್ಪ" ಎನ್ನುತ್ತಾ ನಿಂತಲ್ಲೇ ನಿಂತಿದ್ದ. ಅವನು ಮತ್ತೆ ರಾಡು ಎತ್ತಿದ.

ದೊಡ್ಡಿಯ ಬಾಗಿಲಿನ ಗಳ ನನ್ನ ಕೈಯಲ್ಲಿ ಯಾವಾಗ ಬಂತೋ. ಎತ್ತಿದ ಅವನ ಕೈಗೆ ಬಾರಿಸಿದೆ. ರಾಡು ಹಾರಿ ನೀರಿನ ತೊಟ್ಟಿಗೆ ಬಿತ್ತು. ಅವನು ಜಾರಿ ಮಲಗಿದ. ಕೈ ಹಿಡಿದುಕೊಂಡು, "ಬೇಡ ರೂಪಿ, ಬೇಡ" ಎಂದ.

ಕೇಳಿಸಿತು. ಕೇಳಿಸಿಯೂ ಗಳ ಎತ್ತಿ ಅವನ ಮಂಡಿಗೆ ಬಿಟ್ಟೆ. ಎಷ್ಟು ಹಿತವಾಯಿತು ಎಂದರೆ, ಇನ್ನೊಂದು ಬಿಡುತ್ತಿದ್ದೆ. ಅಪ್ಪ ಓಡಿ ಬಂದು ಗಳ ಹಿಡಿದುಕೊಂಡ. ಅಕ್ಕನಿಗೆ ಹೊಡೆಯುವಾಗ ಓಡದ ಕಾಲು ನನ್ನನ್ನು ಹಿಡಿಯಲು ಓಡಿತು.

ಫೆಬ್ರವರಿ ೨೫, ಮಂಗಳವಾರ
ಊಟಿ, ಆಸ್ಪತ್ರೆ

ದವಡೆ ಎರಡು ಕಡೆ ಮುರಿದಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ಕೊಳವೆಯಲ್ಲಿ ಗಂಜಿ.

ದಾಖಲು ಮಾಡುವಾಗ ಅಪ್ಪ, "ಹಸ ಗುದ್ತು" ಎಂದ. ಡಾಕ್ಟರು ನನ್ನನ್ನು ನೋಡಿದರು. ಪ್ರಶ್ನೆಯಲ್ಲಿ ಹಸುವೇ ಇಲ್ಲ ಎಂದು ಹೇಳಬೇಕಾದವಳು ನಾನು. ನನ್ನ ಕಣ್ಣ ಮುಂದೆ ಅವನ ಮಂಡಿ ಬಂತು, ಮುಂದಿನ ತಿಂಗಳ ಪರೀಕ್ಷೆ ಬಂತು. ಸುಮ್ಮನಾದೆ. ಅಕ್ಕ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಗ್ಲೂಕೋಸ್ ಬಾಟಲಿ ನೋಡುತ್ತಾ ಕೂತೆ. ನಾಚಿಕೆ ಆಗುತ್ತಿದೆ.

ಫೆಬ್ರವರಿ ೨೭, ಗುರುವಾರ

ಆಸ್ಪತ್ರೆಯಿಂದಲೇ ಮೇಡಂ ಆಫೀಸಿಗೆ ನಡೆದು ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬಾಗಿಲು ಹಾಕಿ ಬಂದು ಎದುರು ಕೂತರು.

"ಮೊದಲ ಏಟು ರಕ್ಷಣೆ. ಎರಡನೇದು?"

"ಅಪರಾಧ."

"ಎರಡನೇದು ಹೊಡೆದಾಗ ಅವನ ಕೈಯಲ್ಲಿ ಏನಾದರೂ ಇತ್ತು ಅಂತ ಹೇಳೋ ಆಸೆ ಇದೆಯಾ?"

ಇತ್ತು, ಆ ಆಸೆ. ತೊಟ್ಟಿಗೆ ಬಿದ್ದ ರಾಡನ್ನು ಮನಸ್ಸಿನಲ್ಲೇ ಎಷ್ಟೋ ಸಲ ಅವನ ಕೈಗೆ ವಾಪಸು ಇಟ್ಟು ನೋಡಿದ್ದೆ. ಇಲ್ಲ ಎಂದು ತಲೆಯಾಡಿಸಿದೆ.

"ದೂರು ಕೊಟ್ಟರೆ ಅವರೂ ನಿನ್ನ ಮೇಲೆ ಕೊಡುತ್ತಾರೆ. ನಾಳೆ ವಕೀಲಳಾಗಿ ಹೆಸರು ಬರೆಸುವಾಗ ಆ ಕೇಸು ಎದುರು ಬಂದು ನಿಲ್ಲಬಹುದು. ಇಲ್ಲ ಅಂತ ಸುಳ್ಳು ಹೇಳೋದಿಲ್ಲ ನಾನು." ಮೇಜಿನ ಮೇಲಿನ ಸ್ಕೇಲನ್ನು ಪಕ್ಕಕ್ಕೆ ಸರಿಸಿದರು. "ನಿನ್ನಪ್ಪನ ಜೋಡಿಗೆ ನಿಮ್ಮ ಕಡೆಯ ತಪ್ಪಿನ ಕಾಯಿ ಒಂದು ಕಡಿಮೆ ಇತ್ತು. ಆ ಎರಡನೇ ಏಟು ಹಾಕಿ ನೀನೇ ಅದನ್ನ ನಾಗರಾಜು ಕೈಗೆ ಕೊಟ್ಟೆ ಕೂಸೇ."

ಗಳದಿಂದ ನನಗೇ ಹೊಡೆದ ಹಾಗಾಯಿತು.

ಮಾರ್ಚ್ ೬, ಗುರುವಾರ

ಅಕ್ಕನನ್ನು ಮನೆಗೆ ತಂದೆವು. ನಾಳೆ ಜೋಡಿಕಾಯಿಯಂತೆ. ಅಪ್ಪನ ಜೊತೆ ಜಗಳವಾಡಿದೆ. ಕೈಗೆ ಸಿಕ್ಕ ಮೊರ ಎಸೆದೆ.

"ನಿಮ್ ದೊಡ್ಡಪ್ಪನ ತಲೆ ಇದೇ ಬೀದಿಲಿ ಉರುಳ್ತು, ನೀರಿನ ಜಗಳಕ್ಕೆ" ಎಂದ. "ಅವ್ರು ಕಡುದ್ರು, ನಮ್ಮೋರು ತಿರುಗ್ ಕಡುದ್ರು. ಮೂರು ಹೆಣ. ಕೋರ್ಟು ಮುಗಿಯೋ ವತ್ಗೆ ಹೆಂಗಸ್ರ ತಲೆ ನೆರ್ತೋಯ್ತು. ಅವತ್ತಿಂದ ಕಾಯಿ ಒಡಿತಾ ಇವ್ನಿ. ಕಾಯಿ ಒಡುದ್ರೆ ತಲೆ ಉಳೀತದೆ ಕನವ್ವ."

ಇದು ನನಗೆ ಗೊತ್ತಿರಲಿಲ್ಲ. ಅವನ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಮೊರ ಎತ್ತಿಟ್ಟೆ.

"ಅಕ್ಕನ ತಲೆ ಉಳಿದದಾ ಅಪ್ಪ?" ಎಂದು ಕೇಳಿದೆ. ಅಪ್ಪ ದೊಡ್ಡಿಗೆ ಹೋದ.

ಮಾರ್ಚ್ ೭, ಶುಕ್ರವಾರ

ಗುಡಿಯ ಮುಂದೆ ಬೀದಿಯೆಲ್ಲ ಸೇರಿತ್ತು. ನಾಗರಾಜು ಕೈಗೆ ಪಟ್ಟಿ ಕಟ್ಟಿಕೊಂಡು, ಕುಂಟುತ್ತಾ, ಅಣ್ಣನ ಹೆಗಲು ಹಿಡಿದು ಬಂದ. ಕಾಯಿಯನ್ನು ಕಲ್ಲಿನ ಪಕ್ಕ ಇಟ್ಟ. ಅಮ್ಮ ಅಕ್ಕನ ಕೈಗೂ ಒಂದು ಕಾಯಿ ಕೊಟ್ಟಿದ್ದಳು.

"ಇಡವ್ವ" ಎಂದ ಅಪ್ಪ.

ಅಕ್ಕ ಇಡಲಿಲ್ಲ. ಕಾಯಿಯನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡಳು. ಇಡು ಇಡು ಎಂದು ನಾಲ್ಕು ಕಡೆಯಿಂದ ಮಾತು. ಬಾಯಿ ಇದ್ದಿದ್ದರೆ ಅವಳು ಅಷ್ಟೂ ಜನಕ್ಕೆ ಉತ್ತರ ಕೊಡುತ್ತಿದ್ದಳು. ತಂತಿಯ ಹಿಂದಿನಿಂದ ಬರಿಯ ಉಸಿರು ಬಂತು, ಸೀಟಿಯ ಹಾಗೆ.

ನಾಗರಾಜುವಿನ ಅಣ್ಣ ನನ್ನ ಕಡೆ ಬೆರಳು ಮಾಡಿದ. "ನಿಮ್ ಚಿಕ್ಮಗ್ಳು ನಮ್ಮುಡುಗುನ್ ಮಂಡಿ ಒಡುದವ್ಳೆ. ತಪ್ಪು ಎರಡು ಕಡೆನೂ ಅದೆ. ಇಲ್ಲೇ ಮುಗುದ್ರೆ ಸರಿ. ಇಲ್ದೋದ್ರೆ ನಾಳೆ ಸ್ಟೇಷನ್ನು."

ಅಪ್ಪ ನನ್ನನ್ನು ನೋಡಿದ. ಬೇಡಿಕೊಳ್ಳುವ ನೋಟ ಅದು, ನನಗಾಗಿಯೇ ಬೇಡುತ್ತಿದ್ದ. ಒಂದು ಕಾಯಿ ಒಡೆದರೆ ಅವನ ಮಂಡಿಗೆ ನಾನು ಹಾಕಿದ ಏಟೂ ಅಳಿಸಿ ಹೋಗುತ್ತದೆ. ಅಕ್ಕನೂ ನನ್ನನ್ನು ನೋಡಿದಳು. ಈ ಸಲ ಅವಳ ಕಣ್ಣು ತಪ್ಪಿಸಲು ಆಗಲಿಲ್ಲ.

"ಅಪ್ಪ, ಕೊನೇ ಸಾಲು ಏನು?" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ಪ್ರೇಮಕ್ಕನ ದವಡೆ ಮುರುದೋರು ಯಾರು? ಅಷ್ಟೇ ಕೇಳು. ಯಾರು ಬೈದ್ರು, ಯಾರ ಬಾಯಿ ಜೋರು, ಅದೆಲ್ಲ ಬೇಡ."

ನಾಗರಾಜುವಿನ ಕಡೆ ಕೈ ಮಾಡಿದೆ.

"ಅವನ ಮಂಡಿ ಒಡುದೋಳು ನಾನು. ಬಿದ್ದೋನಿಗೆ ಒಡುದೆ. ಅದು ಬೇರೆ ಪ್ರಶ್ನೆ. ಅದ್ಕೂ ಉತ್ರ ಕೊಡ್ತೀನಿ, ಸ್ಟೇಷನ್ನಲ್ಲಿ. ಒಂದ್ಕೊಂದು ವಜಾ ಮಾಡಕಾಗಲ್ಲ."

ನಾಗರಾಜು ಕಾಯಿ ಎತ್ತಿ ನನ್ನ ಕಡೆಗೆ ಬೀಸಿದ. ಕಿವಿಯ ಪಕ್ಕದಲ್ಲಿ ಹೋಗಿ ಗುಡಿಯ ಗೋಡೆಗೆ ಬಡಿದು ಒಡೆಯಿತು, ನೀರು ನನ್ನ ಬೆನ್ನ ಮೇಲೆ ಸಿಡಿಯಿತು. ಎರಡು ವಾರದ ಹಿಂದೆ ಆಗಿದ್ದರೆ ಒಡೆದ ಚಿಪ್ಪಿನಿಂದಲೇ ಅವನ ಮುಖ ಸೀಳುತ್ತಿದ್ದೆ. ಅಕ್ಕ ಎದ್ದು ನಿಂತಿದ್ದಳು. ಒಂದು ಕಂಕುಳಲ್ಲಿ ಕಾಯಿ, ಇನ್ನೊಂದು ಕೈ ನನ್ನ ಕೈಯಲ್ಲಿ. ನಡೆದೆವು.

ಸ್ಟೇಷನ್ನಿನಲ್ಲಿ ಹೆಂಗಸು ಎಸ್‌ಐ ಇದ್ದರು. ಅಕ್ಕ ಕಾಗದದಲ್ಲಿ ಬರೆದು ಕೊಟ್ಟಳು. ನಾನು ಎರಡು ಏಟನ್ನೂ ಹೇಳಿದೆ, ಬೇರೆ ಬೇರೆಯಾಗಿ. ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳುವಾಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಅಪ್ಪ.

ಕುರ್ಚಿ ತೋರಿಸಿದರೂ ಕೂರಲಿಲ್ಲ. "ಹಸ ಗುದ್ಲಿಲ್ಲ ಅಮ್ಮ" ಎಂದ ಮೊದಲು. "ಯಾವತ್ತೂ ಗುದ್ಲಿಲ್ಲ. ಅಳಿಯ ಒಡುದ. ಕಬ್ಣುದಲ್ಲಿ ಒಡುದ. ನಾನು ನಿಂತು ನೋಡ್ದೆ."

ಎಸ್‌ಐ ಬರೆದುಕೊಂಡರು. "ಆಮೇಲೆ?"

ಅಪ್ಪ ನನ್ನ ಕಡೆ ತಿರುಗಲಿಲ್ಲ. "ಎರಡ್ನೇ ಏಟ್ಗೆ ಕೈ ಎತ್ದ, ಇವ್ಳು ತಡುದ್ಳು. ಅವ್ನು ಬಿದ್ದ. ಬಿದ್ ಮ್ಯಾಲೆ ಇನ್ನೊಂದ್ ಹಾಕುದ್ಳು. ನನ್ ಮಗ್ಳೇ. ಅದ್ನೂ ಕಂಡೆ."

ಒಂದು ಗಳಿಗೆ ಅಪ್ಪನ ಮೇಲೆ ಉರಿದೆದ್ದೆ. ನನ್ನದನ್ನು ನಾನು ಹೇಳಿಯಾಗಿತ್ತು, ಅವನೂ ಹೇಳಬೇಕಿತ್ತೇ? ಆಮೇಲೆ ನೋಡಿದರೆ ಅವನ ಕೈಗಳು ಎರಡೂ ಒಂದಕ್ಕೊಂದು ತಾಗದೆ ಪಕ್ಕದಲ್ಲಿ ಜೋತು ಬಿದ್ದಿದ್ದವು. ಪಾಪ ಎನಿಸಿತು. ವಾಪಸು ಬರುವಾಗ ಅವನ ಚಪ್ಪಲಿ ನಾನೇ ತಿರುಗಿಸಿ ಇಟ್ಟೆ.

ಮಾರ್ಚ್ ೧೭, ಸೋಮವಾರ
ಕೊಯಮತ್ತೂರು

ಪರೀಕ್ಷೆ ಬರೆದೆ. ನನ್ನ ಮೇಲೆ ಕೇಸು ಇದೆ, ನಾಗರಾಜು ಜೈಲಿನಲ್ಲಿದ್ದಾನೆ, ಅವನ ಕಡೆಯವರು ದೊಡ್ಡಿಯ ಬೇಲಿ ಕಡಿದು ಹಾಕಿದ್ದಾರೆ. ಇದೆಲ್ಲ ಹೊರಗೆ ಬಿಟ್ಟು ಕೊನೆಯ ಸಾಲಿನಿಂದ ಓದುತ್ತಾ ಹೋದೆ. ನಡುವೆ ಒಂದು ಪ್ರಶ್ನೆ ಬಿಟ್ಟು ಮುಂದಿನದರ ಗುಂಡನ್ನು ಅದರ ಸಾಲಿನಲ್ಲಿ ತುಂಬಲು ಹೊರಟಿದ್ದೆ. ಕಂಡು ಸರಿಪಡಿಸಿದೆ. ಮೂಳೆ ಮುರಿದರೆ ಅದು ಯಾವ ಬಗೆಯ ಗಾಯ ಎಂಬ ಪ್ರಶ್ನೆ ಬಂತು. ಪೆನ್ನು ಒತ್ತಿದ ರಭಸಕ್ಕೆ ಕಾಗದ ತೂತಾಗುವುದರಲ್ಲಿತ್ತು.

ಎರಡು ಕಡೆ ಡಿ ಹಾಕಿದೆ. ಅಲ್ಲಿ ಅದೇ ಸರಿ ಇತ್ತು, ನೋಡಿಯೇ ಹಾಕಿದೆ.

ಏಪ್ರಿಲ್ ೮, ಮಂಗಳವಾರ
ಮಸಿನಗುಡಿ

ತಂತಿ ಬಿಚ್ಚಿದರು. ಫಲಿತಾಂಶ ಬಂದಿಲ್ಲ, ಕೇಸುಗಳು ಎರಡೂ ನಡೆಯುತ್ತಿವೆ. ನಾಗರಾಜು ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ, ಮಸಿನಗುಡಿಗೆ ಕಾಲಿಡುವ ಹಾಗಿಲ್ಲ. ಅಪ್ಪ ಕಡಿದ ಬೇಲಿ ಕಟ್ಟುತ್ತಿದ್ದಾನೆ. ಬೀದಿಯವರು ಎರಡು ಶುಕ್ರವಾರ ಕರೆದರು, ಅವನು ಗುಡಿಗೆ ಹೋಗಲಿಲ್ಲ.

ಅಕ್ಕ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ ಆ ಕಾಯಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಒಡೆದೆ. ಒಳಗೆ ಕೆಟ್ಟಿರಲಿಲ್ಲ. ಅಮ್ಮ ಮೆತ್ತಗೆ ದೋಸೆ ಹುಯ್ದಳು, ನಾನು ಚಟ್ನಿ ರುಬ್ಬಿದೆ. ಅಕ್ಕ ಚಿಕ್ಕ ಚೂರು ಮಾಡಿ ಬಾಯಿಗಿಟ್ಟುಕೊಂಡು, ಬಲಗಡೆಯಲ್ಲಿ ನಿಧಾನಕ್ಕೆ ಅಗಿದಳು. ಮುಖ ಕಿವುಚಿದಳು. ನೋವೇ ಎಂದು ನಾವಿಬ್ಬರೂ ಬಗ್ಗಿದೆವು.

"ಥೂ," ಎಂದಳು. ಗಂಟಲು ತುಕ್ಕು ಹಿಡಿದ ಹಾಗಿತ್ತು. "ಉಪ್ಪಿನ್ ಮೂಟೆನೇ ಸುರ್ದಿದ್ದೀಯಲ್ಲೇ, ಲಾಯರಮ್ಮ! ಹಸನೂ ಮೂಸಲ್ಲ ಇದ್ನ!"

ಅಲ್ಲಿಂದ ಶುರುವಾಯಿತು. ನನಗೆ, ಅಮ್ಮನಿಗೆ, ಬೇಲಿ ಸೊಟ್ಟ ಕಟ್ಟಿದ ಅಪ್ಪನಿಗೆ, ಆರು ವಾರದ ಗಂಜಿಗೆ, ನಾಗರಾಜುವಿನ ಇಡೀ ವಂಶಕ್ಕೆ. ದವಡೆ ಪೂರ್ತಿ ಬಿಡುತ್ತಿರಲಿಲ್ಲ, ಮಾತು ಅರ್ಧ ಮುರಿದು ಬರುತ್ತಿತ್ತು. ಆದರೂ ಆ ಜೋರಿಗೆ ಎದುರು ಮನೆಯವರು ಹೊರಗೆ ಬಂದು ನಿಂತರು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದಳು.

ಬೀದಿಯ ಬಾಗಿಲು ಅರ್ಧ ಮುಚ್ಚಿತ್ತು. ಎದ್ದು ಹೋಗಿ ಪೂರ್ತಿ ತೆಗೆದು ಬಂದೆ. ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.